ಹಗೇವಿನ ರಾಣಿ

ನಮ್ಮ ಮನೆತನದಲ್ಲಿ ಹುಟ್ಟಿದ ಮಕ್ಕಳೆಲ್ಲ ಆ ಕಥೆ ಕೇಳಿಕೊಂಡೇ ಬೆಳೆದವರು. ಹೇಳುತ್ತಿದ್ದವಳು ನಮ್ಮಜ್ಜಿ, ಅಪ್ಪನ ತಾಯಿ. ಸಂಡೂರು ಸೀಮೆಯ ವಡ್ಡು ಕಡೆಯ ಹಳ್ಳಿಯಲ್ಲಿದ್ದ ನಮ್ಮ ಹಳೆಯ ಮನೆಯ ಮುಂದೆ ದೊಡ್ಡ ಬೇವಿನ ಮರವಿತ್ತು. ಅದರ ಕೆಳಗೆ ಹಿಂದೆ ಒಂದು ಹಗೇವು ಇತ್ತಂತೆ. ನೆಲದೊಳಗೆ ಬಾವಿಯ ಹಾಗೆ ತೋಡಿ, ಸುತ್ತ ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ನಾನು ಹುಟ್ಟುವ ಹೊತ್ತಿಗೆ ಅದನ್ನು ಮಣ್ಣಿನಿಂದ ತುಂಬಿಬಿಟ್ಟಿದ್ದರು. ಒಂದು ತಗ್ಗು ಮಾತ್ರ ಉಳಿದಿತ್ತು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಆ ತಗ್ಗಿನ ಪಕ್ಕದಲ್ಲಿ ಹೊರಸಿನ ಮಂಚ ಹಾಕಿಕೊಂಡು ನಮ್ಮನ್ನೆಲ್ಲ ಸುತ್ತ ಕೂರಿಸಿಕೊಳ್ಳುತ್ತಿದ್ದಳು.

ಅವಳ ಕಥೆ ಹೀಗಿತ್ತು. ಹಿಟ್ಟಿನ ಮೇಲೆ ನಡೆದರೂ ಹೆಜ್ಜೆ ಮೂಡದಷ್ಟು ಹಗುರಾದ ಒಬ್ಬ ಹುಡುಗಿ. ಬರಗಾಲದಲ್ಲಿ ದೊಡ್ಡ ಮನೆಯವರು ಹಗೇವು ತೆಗೆಸುತ್ತಾರೆ. ಹುಡುಗಿ ಹಗ್ಗ ಹಿಡಿದು ಕೆಳಗೆ ಇಳಿಯುತ್ತಾಳೆ. ತಳದಲ್ಲಿ ಜೋಳದ ಕಾಳೆಲ್ಲ ಮುತ್ತಾಗಿ ಹೊಳೆಯುತ್ತಿರುತ್ತವೆ. ಜೋಳದ ತೆನೆಯಂಥ ಗಡ್ಡದ ಭೂಮಿಯ ಒಡೆಯ ಅಲ್ಲಿ ಕೂತಿರುತ್ತಾನೆ. ಅವಳಿಗೆ ಬಂಗಾರದ ಸೀರೆ ಉಡಿಸಿ ರಾಣಿ ಮಾಡಿಕೊಳ್ಳುತ್ತಾನೆ. ಮೇಲಿದ್ದವರು ಹಗ್ಗ ಎಳೆದರೆ ಹುಡುಗಿಯ ಬದಲು ಒಂದು ಬಂಗಾರದ ತೆನೆ ಬರುತ್ತದೆ. ಅಂದಿನಿಂದ ಪ್ರತಿ ವರ್ಷದ ಬೆಳೆಯೂ ಆ ರಾಣಿ ಕಳಿಸಿದ್ದು. ನಾವು ಮಕ್ಕಳು ರೊಟ್ಟಿಯ ಮೊದಲ ತುತ್ತು ಮುರಿಯುವಾಗ “ರಾಣಿ ಕಳಿಸ್ಯಾಳ” ಎಂದು ಕೂಗಬೇಕಿತ್ತು. ಜೋರಾಗಿ ಕೂಗಿದವರಿಗೆ ಹೆಚ್ಚು ಬೆಣ್ಣೆ.

ನಾನು ಕನ್ನಡ ಟೀಚರಾದೆ. ಗಂಡನಿಗೆ ಕಾಲುವೆ ಆಫೀಸಿನಲ್ಲಿ ಕೆಲಸ, ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಮನೆ. ಹೊಸಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಗಣಿ ಬಿರುಸಾಗಿದ್ದ ವರ್ಷಗಳು ಅವು. ಸಂಡೂರು ಕಡೆಯಿಂದ ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದಂತೆ ಬರುತ್ತಿದ್ದವು. ಅದಿರಿನ ಧೂಳಿಗೆ ರಸ್ತೆ ಬದಿಯ ಹುಣಸೆ ಮರಗಳ ಎಲೆಗಳು ಕೆಂಪಾಗಿದ್ದವು, ಒಗೆದು ಒಣಹಾಕಿದ ಬಿಳಿ ಅಂಗಿಗಳೂ ಕೆಂಪಾಗುತ್ತಿದ್ದವು. ಶಾಲೆಗೆ ಎಲ್ಲ ಥರದ ಮಕ್ಕಳು ಬರತೊಡಗಿದ್ದರು. ಲಾರಿ ಮಾಲೀಕರ ಮಕ್ಕಳೂ, ಲಾರಿ ಓಡಿಸುವವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಅದನ್ನು ನೋಡಿ ನನಗೆ ಒಳಗೊಳಗೇ ಹೆಮ್ಮೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಸೇರಿದ್ದ ಇಂಗ್ಲಿಷ್ ಟೀಚರು, ಪರದೇಶದ ರಾಜಕುಮಾರಿಯರ ಕಥೆಗಳೆಲ್ಲ ಮೊದಲು ಹೀಗಿರಲಿಲ್ಲ ಎಂದು ಹೇಳಿದಳು. ಮೂಲದಲ್ಲಿ ರಕ್ತ, ಹಸಿವು, ಮಕ್ಕಳನ್ನು ಕಾಡಿಗೆ ಬಿಟ್ಟು ಬರುವ ತಂದೆತಾಯಿ, ಇಂಥವೇ ತುಂಬಿದ್ದವಂತೆ. ಆಮೇಲೆ ಯಾರೋ ಅವನ್ನೆಲ್ಲ ತೊಳೆದು ಮಕ್ಕಳ ಕೈಗೆ ಕೊಟ್ಟರಂತೆ.

“ಅವರ ಕಥೆ ಹಂಗಿರಬಹುದು. ನಮ್ಮ ಅಜ್ಜಿಯರ ಕಥೆಗಳು ಹಂಗಲ್ಲ ಬಿಡ್ರಿ” ಅಂದೆ. ಅಂದು ಸುಮ್ಮನಾಗಲೂ ಇಲ್ಲ. ವಾರ್ಷಿಕೋತ್ಸವದಲ್ಲಿ ಕನ್ನಡಕ್ಕೆ ಒಂದೇ ಒಂದು ಕಾರ್ಯಕ್ರಮ ಕೊಟ್ಟಿದ್ದರು. ಅದಕ್ಕೆ ಅಜ್ಜಿಯ ಕಥೆಯನ್ನೇ ನಾಟಕ ಮಾಡಿದೆ.

ದೊಡ್ಡ ಮನೆಯ ಒಡತಿಯ ಪಾತ್ರಕ್ಕೆ ಅಕ್ಕಿ ಗಿರಣಿಯವರ ಮಗಳನ್ನು ಆರಿಸಿದೆ. ಅವಳ ಮನೆಯಲ್ಲಿ ರೇಷ್ಮೆ ಲಂಗ ಇತ್ತು, ಒಡವೆ ಇತ್ತು. ಹಗೇವಿಗೆ ಇಳಿಯುವ ಹುಡುಗಿಯ ಪಾತ್ರಕ್ಕೆ ಮೂರನೇ ಕ್ಲಾಸಿನ ಒಬ್ಬಳನ್ನು ಕರೆದೆ. ಅವಳಪ್ಪ ಅದಿರಿನ ಲಾರಿಯ ಡ್ರೈವರ್. ಚುರುಕಾದ ಕಣ್ಣು, ಗಟ್ಟಿ ದನಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಪುಟ್ಟವಳು. “ನೀ ಸಣ್ಣಾಕಿ, ಹಗುರ ಅದಿ. ನಿನ್ನ ಇಳಿಸೋದು ಸಲೀಸು” ಎಂದು ಎಲ್ಲರೆದುರು ಹೇಳಿದೆ. ಅವಳು ಖುಷಿಯಿಂದ ಹಲ್ಲು ಬಿಟ್ಟಳು. ಮುಂದೆ ಎರಡು ಹಲ್ಲು ಇರಲಿಲ್ಲ.

ವೇದಿಕೆಯ ಮೇಲೆ ಎರಡು ಬೆಂಚು ಸೇರಿಸಿ, ಗೋಣಿಚೀಲ ಹೊದಿಸಿ ಹಗೇವು ಮಾಡಿದ್ದೆವು. ಅವಳು ಹಗ್ಗ ಹಿಡಿದು ಬೆಂಚಿನ ಹಿಂದೆ ಇಳಿದು ಕಾಣದಾಗಬೇಕು. ಅಲ್ಲಿ ಹಳೆಯ ಲಂಗದ ಮೇಲೆ ಬಂಗಾರದ ಬಣ್ಣದ ಸೀರೆ ಸುತ್ತಿಕೊಂಡು ಮತ್ತೊಂದು ಕಡೆಯಿಂದ ರಾಣಿಯಾಗಿ ಬರಬೇಕು. ಅವತ್ತು ಅವಳು ಕೊಂಚ ತಡ ಮಾಡಿದಳು. ಸೀರೆಯ ಗಂಟು ಬಿಗಿಯಲಿಲ್ಲವೇನೋ. ವೇದಿಕೆ ಖಾಲಿ ಇತ್ತು. ನಾನು ಪರದೆಯ ಸಂದಿಯಿಂದ ಅವಳ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಿದ್ದೆ. ಆಗ ಜನರ ನಡುವಿನಿಂದ ವಯಸ್ಸಾದ ಒಬ್ಬ ಹೆಂಗಸು ಎದ್ದು ನಿಂತಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಷ್ಟರಲ್ಲಿ ನಮ್ಮ ರಾಣಿ ಬಂದಳು, ಚಪ್ಪಾಳೆ ಬಿತ್ತು. ಆ ಹೆಂಗಸು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು. ನಾಟಕ ಅರ್ಥವಾಗಿರಲಿಕ್ಕಿಲ್ಲ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಶಾಲೆಯ ವರಾಂಡದಲ್ಲಿ ಅದೇ ಹೆಂಗಸು ಕೂತಿದ್ದಳು. ನನ್ನನ್ನು ಕಂಡು ಎದ್ದಳು. ನಾಟಕದ ಹುಡುಗಿಯ ಅಜ್ಜಿ ಎಂದು ಗುರುತು ಹೇಳಿಕೊಂಡಳು. ಸೀರೆಯ ಪಿನ್ನು ಚುಚ್ಚಿ ಏನಾದರೂ ಗಾಯವಾಯಿತೇ ಎಂದು ನಾನು ಹೆದರಿದೆ.

“ಗಾಯ ಇಲ್ರಿ. ಆ ಕಥಿ ನಿಮಗ ಯಾರ್ ಹೇಳಿದ್ರು, ಟೀಚರಮ್ಮ?”

“ನಮ್ಮ ಅಜ್ಜಿ ಹೇಳ್ತಿದ್ರು. ಯಾಕ್ರಿ?”

“ನೀವು ಬೇವಿನಮರದ ಮನಿಯೋರೇನು?”

ನನಗೆ ಹಿಗ್ಗೇ ಹಿಗ್ಗು. “ಹೌದ್ರಿ! ನಿಮ್ಮದೂ ಅದೇ ಊರಾ?”

“ಅದ ಊರ್ರಿ. ನಮ್ಮಪ್ಪ ನಿಮ್ಮ ಮನಿಯಾಗ ಜೀತಕ್ಕಿದ್ದ.” ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. “ಹಗೇವಿನಾಗ ಇಳದಾಕಿ ನಮ್ಮಕ್ಕ ರೀ.”

ನನಗೆ ಅರ್ಥವಾಗಲಿಲ್ಲ. “ಅದು ಕಥಿ ಅಲ್ಲೇನ್ರಿ?” ಅಂದೆ.

“ನಿಮಗ ಕಥಿ” ಅಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ವರಾಂಡದ ಮೆಟ್ಟಿಲ ಮೇಲೆ ಕೂತು ನಡೆದದ್ದನ್ನು ಹೇಳಿದಳು. ಆಗ ಅವಳು ಇನ್ನೂ ಶಾಲೆಯ ವಯಸ್ಸಿಗೆ ಬಾರದ ಮಗು. ಅಕ್ಕ ಸ್ವಲ್ಪ ದೊಡ್ಡವಳು, ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿಯುವ ಕೆಲಸ. ಒಂದು ಬೆಳಿಗ್ಗೆ ಜೋಳ ಕೊಳ್ಳುವ ವ್ಯಾಪಾರಿಗಳು ಗಾಡಿ ಕಟ್ಟಿಕೊಂಡು ಬಂದು ಮರದ ಕೆಳಗೆ ನಿಂತಿದ್ದರು. ಹಗೇವಿನ ಚಪ್ಪಡಿ ಆಗಷ್ಟೇ ತೆಗೆದದ್ದು. ಬಹಳ ದಿನ ಮುಚ್ಚಿಟ್ಟ ಹಗೇವಿನೊಳಗೆ ಕಾವು ಕಟ್ಟಿಕೊಂಡಿರುತ್ತದೆ, ತೆಗೆದ ಕೂಡಲೇ ಇಳಿದರೆ ಉಸಿರು ನಿಲ್ಲುತ್ತದೆ ಎಂದು ಊರಿಗೆಲ್ಲ ಗೊತ್ತು. ಒಂದು ದಿನವಾದರೂ ಬಾಯಿ ತೆರೆದು ಬಿಡಬೇಕು. ಆಮೇಲೆ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಗಾಡಿಯವರಿಗೆ ಅವಸರವಿತ್ತು. ನಮ್ಮ ಮುತ್ತಜ್ಜನಿಗೂ.

“ದೀಪ ಬಿಟ್ರು. ಆರಿ ಹೋತು. ನಿಮ್ಮಜ್ಜಿ ಆಗಿನ್ನೂ ಸಣ್ಣ ಸೊಸಿ. ಬಾಗಿಲಾಗ ನಿಂತು ‘ದೀಪ ಆರ್ತಲ್ಲ’ ಅಂದ್ರು. ಮಾವ ‘ಗಾಳಿ’ ಅಂದ್ರು. ಅಷ್ಟ. ಆಳ್ಮಕ್ಕಳು ಇಳಿಯಾಕ ಅಂಜಿದ್ರು. ನಮ್ಮಕ್ಕ ಸಣ್ಣಾಕಿ, ಹಗುರ ಅದಾಳ, ಇಳಸಾಕ ಸಲೀಸು ಅಂದ್ರು. ಸಗಣಿ ಕೈ, ಕಾಳ ಮುಟ್ಟಬೇಕಲ್ಲ. ತೊಳ್ಕೊಂಡು ಬಾ ಅಂದ್ರು. ತೊಳ್ಕೊಂಡು ಬಂದ್ಲು.”

ನಾನು ಅವಳ ಕಣ್ಣು ತಪ್ಪಿಸಿ ಅಂಗಳದಲ್ಲಿ ಪ್ರಾರ್ಥನೆಗೆ ಸಾಲು ನಿಲ್ಲುತ್ತಿದ್ದ ಮಕ್ಕಳನ್ನು ನೋಡಿದೆ.

“ನಿಮ್ಮ ಹೊಸ್ತಿಲಾ ದಾಟಾಕ ನಮ್ಮನ್ನ ಬಿಡ್ತಿರಲಿಲ್ರಿ. ಹಗೇವಿನಾಗ ಬಿಟ್ರು.”

ಹಗ್ಗ ಎಳೆದಾಗ ಹಗ್ಗವಷ್ಟೇ ಮೇಲೆ ಬಂತು. ಹೊಲದಿಂದ ಅವಳಪ್ಪ ಓಡಿ ಬಂದ. ತಾನು ಇಳಿಯುತ್ತೇನೆಂದು ಹಗೇವಿನ ಬಾಯಿಗೆ ನುಗ್ಗಿದವನನ್ನು ನಾಲ್ಕಾರು ಜನ ಹಿಡಿದುಕೊಂಡರು. ಮರುದಿನ ಬೆಳಿಗ್ಗೆ ದೀಪ ಆರದೆ ಉರಿಯಿತು. ಆಗ ಅವನೇ ಇಳಿದು ಮಗಳನ್ನು ಹೆಗಲ ಮೇಲೆ ತಂದ. ಹಳ್ಳದ ದಂಡೆಯ ನಮ್ಮ ಹೊಲದ ಮೂಲೆಯಲ್ಲಿ ಮಣ್ಣು ಮಾಡಲು ಮುತ್ತಜ್ಜ ಜಾಗ ಕೊಟ್ಟ. ಒಂದು ಚೀಲ ಜೋಳವನ್ನೂ ಕೊಟ್ಟ.

“ಅದ ಹಗೇವಿನ ಜ್ವಾಳ ರೀ” ಅಂದಳು. “ನಮ್ಮವ್ವ ಭಾಳ ದಿನ ಅದನ್ನ ಮುಟ್ಟಲಿಲ್ಲ. ಆಮ್ಯಾಲ ಬೀಸಿದ್ಲು. ಹಸಿವಿತ್ತು, ತಿಂದ್ವಿ. ರೊಟ್ಟಿ ಛಲೋ ಇದ್ವು. ಅದನ್ನ ನೆನಸ್ಕೊಂಡ್ರ ನನಗ ಇವತ್ತಿಗೂ ನಾಚಿಕಿ ಬರ್ತದ ಟೀಚರಮ್ಮ.”

ನಾಚಿಕೆ ಅವಳಿಗೆ! ಬೆಣ್ಣೆಗಾಗಿ ಕೂಗುತ್ತಿದ್ದವಳು ನಾನು. ತಪ್ಪಾಯಿತು ಎನ್ನಬೇಕಿತ್ತು. ಯಾರ ಪರವಾಗಿ, ಯಾವುದಕ್ಕೆಂದು ಹೇಳುವುದು? ಕೊನೆಗೆ “ನಿಮ್ಮಕ್ಕನ ಹೆಸರೇನಿತ್ರಿ?” ಎಂದು ಕೇಳಿದೆ. ನಮ್ಮ ಕಥೆಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ. ಹುಡುಗಿ, ಆಮೇಲೆ ರಾಣಿ, ಅಷ್ಟೇ.

“ಮೊಮ್ಮಗಳಿಗೆ ಆಕಿ ಹೆಸರ ಇಟ್ಟೀವ್ರಿ” ಅಂದಳು. “ನಿನ್ನಿ ನೀವು ಪರದೆ ಹಿಂದಿಂದ ಕರೀತಿದ್ರಲ್ಲ, ಅದ.”

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ನನ್ನದಲ್ಲ.

ಹೋಗುವ ಮುನ್ನ ಅವಳು ಕೇಳಿಕೊಂಡದ್ದು ಎರಡೇ ಮಾತು. ಇನ್ನೊಮ್ಮೆ ಆ ನಾಟಕ ಆಡಿಸಬೇಡಿ. ಆದರೆ ಹುಡುಗಿಗೆ ಏನೂ ಹೇಳಬೇಡಿ. “ಬಂಗಾರದ ಸೀರಿ ಉಟ್ಟಿದ್ದ ಖುಷಿಯಾಗ ರಾತ್ರಿ ಉಣ್ಣಲಿಲ್ಲ ಆಕಿ. ಅದು ಆಕಿಗೆ ಇರ್ಲಿ. ಹೇಳೋ ಹೊತ್ತಿಗೆ ನಾನ ಹೇಳ್ತೀನಿ.”

ಎರಡನ್ನೂ ಒಪ್ಪಿಕೊಂಡೆ. ಎರಡನ್ನೂ ಒಟ್ಟಿಗೆ ನಡೆಸುವುದು ಎಷ್ಟು ಕಷ್ಟ ಎಂದು ಆ ವಾರವೇ ಗೊತ್ತಾಯಿತು. ಲಾರಿಗಳ ಮಾಲೀಕರೊಬ್ಬರಿಗೆ ನಾಟಕ ಬಹಳ ಹಿಡಿಸಿತ್ತು. ತಮ್ಮ ಹೊಸ ಬಂಗಲೆಯ ಗೃಹಪ್ರವೇಶದಲ್ಲಿ ಇದೇ ಮಕ್ಕಳಿಂದ ಇದೇ ನಾಟಕ ಆಗಬೇಕೆಂದು ಹೇಳಿ ಕಳಿಸಿದರು. ಹೆಡ್ ಮೇಡಂ ಆಗಲೇ ಹೂಂ ಅಂದಿದ್ದರು. ನಾನು ಆಗುವುದಿಲ್ಲ ಅಂದೆ.

“ಯಾಕಾಗಲ್ಲ? ಮಕ್ಕಳಿಗೆ ಬಾಯಿಪಾಠ ಇದೆ, ಡ್ರೆಸ್ ಇದೆ.”

“ಆ ಕಥೆ ಸರಿಯಿಲ್ಲ ಮೇಡಂ.”

“ಸರಿಯಿಲ್ಲದ್ದನ್ನ ವಾರ್ಷಿಕೋತ್ಸವಕ್ಕೆ ಯಾಕೆ ಮಾಡಿಸಿದ್ರಿ?”

ನಿಜ ಹೇಳಬಹುದಿತ್ತು. ಹೇಳಿದರೆ ಅದು ಸ್ಟಾಫ್ ರೂಮಿಗೆ, ಅಲ್ಲಿಂದ ಮಕ್ಕಳ ಕಿವಿಗೆ ಬೀಳುತ್ತಿತ್ತು. ಇದು ನಾನು ನನಗೆ ಹೇಳಿಕೊಂಡ ಕಾರಣ. ನಮ್ಮ ಮನೆತನದ ಸಂಗತಿ ಹೊರಬೀಳಬಾರದೆಂಬ ಆಸೆಯೂ ಪಕ್ಕದಲ್ಲೇ ಕೂತಿತ್ತು. ಯಾವುದು ಎಷ್ಟು ಪಾಲು ಎಂದು ನನಗೇ ತಿಳಿಯದು. ಪರೀಕ್ಷೆ ಹತ್ತಿರ ಬಂತು, ಪಾಠ ಉಳಿದಿದೆ ಎಂದು ಏನೇನೋ ಅಂದೆ. ಹೆಡ್ ಮೇಡಂ ಮುಖ ಗಂಟಿಕ್ಕಿಕೊಂಡು ಬೇರೊಂದು ಡ್ಯಾನ್ಸ್ ಗೊತ್ತುಮಾಡಿದರು.

ನಾಟಕ ಇಲ್ಲವೆಂದು ಕ್ಲಾಸಿನಲ್ಲಿ ಹೇಳಿದಾಗ ಆ ಪುಟ್ಟ ಹುಡುಗಿ ಅಳಲಿಲ್ಲ. ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. “ಮಿಸ್, ನಾನು ಬರೋದು ಲೇಟಾತಲ್ಲ, ಅದಕ್ಕ ಬ್ಯಾಡ ಅಂದ್ರಾ?”

“ಇಲ್ಲವ್ವಾ. ನೀ ಭಾಳ ಚಲೋ ಮಾಡಿದಿ.”

“ಮತ್ತ್ಯಾಕ್ ಮಿಸ್?”

ಪರೀಕ್ಷೆ ಎಂದೆ. ಅವಳು ನಂಬಲಿಲ್ಲ. ಮಕ್ಕಳಿಗೆ ದೊಡ್ಡವರ ಸುಳ್ಳು ಮುಖದಲ್ಲೇ ಕಾಣುತ್ತದೆ. ಅವತ್ತಿನಿಂದ ಅವಳು ಪಾಠದಲ್ಲಿ ಕೈ ಎತ್ತುವುದನ್ನು ಕಡಿಮೆ ಮಾಡಿದಳು.

ಭಾನುವಾರ ಕಂಪ್ಲಿಗೆ ಹೊರಟೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿತ್ತು, ಅಪ್ಪನೂ ಇರಲಿಲ್ಲ. ಹಳೆಯದನ್ನು ಬಲ್ಲವಳೆಂದರೆ ಅಪ್ಪನ ಅಕ್ಕ, ನನ್ನ ಸೋದರತ್ತೆ ಒಬ್ಬಳೇ. ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ ಸೊಸೆಯಾಗಿ ಹೋದವಳು, ಈಗ ಆ ಮನೆಗೆ ಹಿರಿಯಳು. ಬುಕ್ಕಸಾಗರದ ಹತ್ತಿರ ಬಸ್ಸು ನಿಂತಾಗ ನಾಟಿಯಾದ ಗದ್ದೆಗಳು ಕಣ್ಣಿಗೆ ಬಿದ್ದವು. ಬೇರೆ ದಿನವಾಗಿದ್ದರೆ ಹಸಿರು ನೋಡಿ ಮನಸ್ಸು ತಣ್ಣಗಾಗುತ್ತಿತ್ತು. ಅವತ್ತು ಹೊಲದಲ್ಲಿ ಬಗ್ಗಿದ್ದವರ ಬೆನ್ನುಗಳೇ ಕಾಣುತ್ತಿದ್ದವು.

ಅತ್ತೆ ನನ್ನ ಮಾತು ಕೇಳಿದ ಕೂಡಲೇ ಸಿಡುಕಿದಳು. “ಯಾರಾಕಿ? ಈಗ್ಯಾಕ ಬಂದಾಳ? ರೊಕ್ಕ ಕೇಳಿದ್ಲೇನು?”

“ಏನೂ ಕೇಳಲಿಲ್ಲ ಅತ್ತೀ. ನಾಟಕ ಆಡಸ್ಬ್ಯಾಡ್ರಿ ಅಂದ್ಲು.”

ಅತ್ತೆ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರದಲ್ಲೇ ಬಿಟ್ಟಳು. “ಎಡಗಣ್ಣಿನ ಮ್ಯಾಲ ಸುಟ್ಟ ಕಲೆ ಐತೇನು ಆಕೀಗೆ?” ಎಂದು ಕೇಳಿದಳು.

ಇತ್ತು. ನಾನು ನೋಡಿದ್ದೆ.

“ಹಂಗಾರ ಸಣ್ಣಾಕೀನ” ಅಂದಳು. ಅತ್ತೆಗೂ ಆಗ ಅವಳಷ್ಟೇ ವಯಸ್ಸು. ಹಗೇವಿಗೆ ಇಳಿದ ಹುಡುಗಿಯೇ ಅತ್ತೆಯನ್ನು ಎತ್ತಿಕೊಂಡು ಅಂಗಳದಲ್ಲಿ ಆಡಿಸುತ್ತಿದ್ದವಳು. ಅವಳು ಕಾಣದಾದ ಮೇಲೆ ಅತ್ತೆ ಊಟ ಬಿಟ್ಟಳಂತೆ. ಹಗೇವಿನ ಬಾಯಿಯ ಹತ್ತಿರ ಕೂತು ದಿನವಿಡೀ ಅವಳ ಹೆಸರು ಕೂಗುತ್ತಿದ್ದಳಂತೆ. ಆ ಕೂಗು ಮನೆಯಲ್ಲಿ ಯಾರಿಗೂ ಕೇಳಲಾಗುತ್ತಿರಲಿಲ್ಲ. ಮುತ್ತಜ್ಜ ಹೊಡೆದ. ಆದರೂ ಕೂಗು ನಿಲ್ಲಲಿಲ್ಲ. ಆಗ ಅಜ್ಜಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಆಕಿ ಕೆಳಗೆ ರಾಣಿ ಆಗ್ಯಾಳ ಅಂದಳು.

“ನನ್ನ ಬಾಯಿ ಮುಚ್ಚಸಾಕ ಅವ್ವ ಕಟ್ಟಿದ ಕಥಿ ಅದು. ದಿನಾ ಒಂದೀಟು ಸೇರಸ್ತಿದ್ಲು. ಸೀರಿ ಯಾವ ಬಣ್ಣ ಅಂತ ನಾ ಕೇಳ್ತಿದ್ದೆ, ಬಂಗಾರದ್ದು ಅಂತಿದ್ಲು. ನಾನು ಹಗೇವಿನಾಗ ಬೆಲ್ಲದ ಚೂರು ಒಗೀತಿದ್ದೆ, ರಾಣಿ ತಿನ್ಲಿ ಅಂತ. ಮಣ್ಣು ತುಂಬಸೋತನಕ ಒಗದೀನಿ. ನಮ್ಮಜ್ಜನಿಗೂ ಕಥಿ ಹಿಡಸ್ತು. ಬಂದವರ ಮುಂದೆಲ್ಲ ಹೇಳಸ್ತಿದ್ದ. ಹೇಳಸ್ತಾ ಹೇಳಸ್ತಾ ಊರ ಮಂದಿ ಬ್ಯಾರೆ ಮಾತು ಆಡೋದ ಬಿಟ್ರು.”

“ನಿನಗ ಯಾವಾಗ ಗೊತ್ತಾತು?”

“ಮದುವಿ ಆಗೋ ಹೊತ್ತಿಗೆ. ಬೀಸಾಕ ಬಂದ ಹೆಣ್ಮಗಳು ಬಾಯಿ ಬಿಟ್ಲು. ಅವ್ವನ್ನ ಕೇಳಿದೆ. ಅವ್ವ ನನ್ನ ಮುಖ ನೋಡಲಿಲ್ಲ.”

“ಗೊತ್ತಾದ ಮ್ಯಾಲೂ ನೀ ನಿನ್ನ ಮಕ್ಕಳಿಗೆ ಅದನ್ನ ಹೇಳಿದೆಲ್ಲ ಅತ್ತೀ.”

ಅತ್ತೆ ಮತ್ತೆ ಅವರೆಕಾಯಿ ಕೈಗೆತ್ತಿಕೊಂಡಳು. “ಚಂದ ಇತ್ತವ್ವಾ” ಅಂದಳು. “ಕಥಿ ಚಂದ ಇತ್ತು. ಬಿಡಾಕಾಗಲಿಲ್ಲ.”

ಆ ಮಾತು ನನ್ನದೂ ಆಗಿತ್ತು. ಅದಕ್ಕೇ ಅವಳನ್ನು ಬಯ್ಯಲಾಗಲಿಲ್ಲ. ಬಸ್ಸಿಗೆ ಏಳುವಾಗ ಅತ್ತೆ ತಾನಾಗಿಯೇ, “ಆಕಿ ಮನಿಗೆ ನನ್ನ ಕರ್ಕೊಂಡು ಹೋಗ್ತೀಯೇನು?” ಎಂದು ಕೇಳಿದಳು.

ನಾಟಕದ ಹುಡುಗಿಯ ಮನೆ ಹೊಸಪೇಟೆಯ ಹೊರಗೆ, ಲಾರಿಗಳು ನಿಲ್ಲುವ ಬಯಲಿನ ಹಿಂದಿನ ಕಾಲನಿಯಲ್ಲಿತ್ತು. ಮೊದಲೇ ಹೇಳಿ ಕಳಿಸಿದ್ದೆ. ಅತ್ತೆ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಂದಿದ್ದಳು. ದಾರಿಯಲ್ಲಿ ಬಾಳೆಹಣ್ಣು ಕೊಂಡಳು, ಸಾಲದೆಂದು ಸೇಬು ಕೊಂಡಳು. ಬಾಗಿಲಲ್ಲಿ ಆ ಹಿರಿಯಾಕೆ “ಬರ್ರಿ, ಕುಂದ್ರಿ” ಎಂದು ಪ್ಲಾಸ್ಟಿಕ್ ಕುರ್ಚಿ ಒರೆಸಿದಳು. ಅತ್ತೆ ಕೂತಳು. ಡ್ರೈವರನ ಹೆಂಡತಿ ಚಹಾ ಮಾಡಲು ಎದ್ದಳು.

“ನನಗ ಚಾ ಬ್ಯಾಡವ್ವಾ, ಶುಗರ್ ಐತಿ” ಅಂದಳು ಅತ್ತೆ.

ಶುಗರ್ ಇದ್ದದ್ದು ನಿಜ. ಆದರೆ ಕಂಪ್ಲಿಯ ಮನೆಯಲ್ಲಿ ಅತ್ತೆ ಯಾರ ಮಾತೂ ಕೇಳದೆ ದಿನಕ್ಕೆ ಎಷ್ಟು ಲೋಟ ಸಿಹಿ ಚಹಾ ಕುಡಿಯುತ್ತಾಳೆಂದು ನನಗೆ ಗೊತ್ತಿತ್ತು. ಆ ಹಿರಿಯಾಕೆ ಅತ್ತೆಯನ್ನು ನೋಡಿದಳು. ಇಂಥ ಬೇಡಗಳನ್ನು ಅವಳು ಜೀವಮಾನವಿಡೀ ಕೇಳಿರಬೇಕು.

“ನನಗೂ ಶುಗರ್ ಐತ್ರಿ” ಅಂದಳು. “ಇಬ್ಬರಿಗೂ ಸಕ್ಕರಿ ಇಲ್ಲದ್ದು ಮಾಡ ಲೇ.”

ಚಹಾ ಬಂತು. ಅತ್ತೆಗೆ ಬೇರೆ ದಾರಿ ಇರಲಿಲ್ಲ. ಸ್ವಲ್ಪ ಹೊತ್ತು ಲೋಟ ಹಿಡಿದುಕೊಂಡೇ ಕೂತಿದ್ದಳು. ಆಮೇಲೆ ಒಂದು ಗುಟುಕು ಕುಡಿದು, ಮುಖ ಹುಳ್ಳಗೆ ಮಾಡಿ, “ಭಾಳ ಕೆಟ್ಟದಾಗೇತಿ” ಅಂದಳು. ಹಿರಿಯಾಕೆ ಪಕ್ಕನೆ ನಕ್ಕಳು. “ಹೂಂ ರೀ, ಕೆಟ್ಟದ ಇರ್ತದ. ನಾ ದಿನಾ ಕುಡೀತೀನಿ.”

ಆ ನಗೆಯ ನಂತರ ಮಾತು ಬಂತು. ಅತ್ತೆ ಹಗೇವಿಗೆ ಬೆಲ್ಲ ಎಸೆದದ್ದನ್ನು ಹೇಳಿದಳು. “ಬೆಲ್ಲ ಅಂದ್ರ ನಮ್ಮಕ್ಕಗ ಜೀವ ಇತ್ರಿ” ಅಂದಳು ಹಿರಿಯಾಕೆ. ಅಕ್ಕ ಬಾಯಲ್ಲಿ ಬೆರಳಿಟ್ಟು ಸೀಟಿ ಹೊಡೆಯುತ್ತಿದ್ದಳು, ಹುಣಸೆಕಾಯಿ ಕದಿಯುತ್ತಿದ್ದಳು, ಅವ್ವ ಬಡಿಗೆ ಹಿಡಿದು ಅಟ್ಟಿಸಿಕೊಂಡು ಬಂದರೆ ಜಾಲಿ ಮರ ಹತ್ತಿ ಕೂರುತ್ತಿದ್ದಳು. ನಮ್ಮ ಕಥೆಯ ರಾಣಿ ಇದಾವುದನ್ನೂ ಮಾಡುತ್ತಿರಲಿಲ್ಲ. ಅವಳು ಇಳಿಯುತ್ತಿದ್ದಳು, ಹೊಳೆಯುತ್ತಿದ್ದಳು, ಅಷ್ಟೇ.

“ಒಂದ ಕಡೆ ಬಗಲಾಗ ನನ್ನ ಎತ್ಗೊಂತಿದ್ಲು” ಅಂದಳು ಹಿರಿಯಾಕೆ. “ಇನ್ನೊಂದ ಕಡೆ ನಿಮ್ಮನ್ನ. ನೀವು ನನ್ನ ಕೂದಲಾ ಜಗ್ಗತಿದ್ರಿ.”

“ಜಗ್ಗಿರಬೇಕು” ಅಂದಳು ಅತ್ತೆ. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. “ತಪ್ಪಾತು” ಎಂದು ಮೆಲ್ಲಗೆ ಹೇಳಿದಳು. ಕೂದಲು ಜಗ್ಗಿದ್ದಕ್ಕೆ ಅಲ್ಲವೆಂದು ಮೂವರಿಗೂ ಗೊತ್ತಿತ್ತು. ಹಿರಿಯಾಕೆ ಆಗಲಿ ಅನ್ನಲಿಲ್ಲ, ಇರಲಿ ಬಿಡ್ರಿ ಅನ್ನಲಿಲ್ಲ. ಲೋಟಗಳನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ, ಅಕ್ಕನನ್ನು ಮಣ್ಣು ಮಾಡಿದ ಜಾಗಕ್ಕೆ ಒಮ್ಮೆ ಹೋಗಬೇಕು, ಊರು ಬಿಟ್ಟ ಮೇಲೆ ಹೋಗಿಲ್ಲ ಎಂದಳು.

ಅತ್ತೆ ನನ್ನ ಮುಖ ನೋಡಿದಳು. ಆ ಹೊಲವನ್ನು ನಮ್ಮ ಚಿಕ್ಕಪ್ಪ ಅದಿರು ಗುಡ್ಡೆ ಹಾಕಲು ಬಾಡಿಗೆಗೆ ಕೊಟ್ಟಿದ್ದ. ಬಾಡಿಗೆಯಲ್ಲಿ ನನಗೂ ಪಾಲು ಬರುತ್ತಿತ್ತು. ನಮ್ಮ ಕ್ವಾರ್ಟರ್ಸಿನ ಹೊಸ ಫ್ರಿಜ್ ಬಂದದ್ದು ಅದರಿಂದಲೇ.

ಆದರೂ ಹೋದೆವು. ತಂತಿ ಬೇಲಿ, ಗೇಟು, ಗೇಟಿನಲ್ಲಿ ವಾಚ್‌ಮನ್. ಒಳಗೆ ನೆಲವೆಲ್ಲ ರಕ್ತದ ಬಣ್ಣ, ಗುಡ್ಡದಷ್ಟೆತ್ತರ ಅದಿರು, ಸುತ್ತ ತಿರುಗುವ ಲೋಡರುಗಳು. ಪಾಸ್ ಇಲ್ಲದೆ ಬಿಡುವುದಿಲ್ಲ ಎಂದ ವಾಚ್‌ಮನ್.

“ಇದು ನಮ್ಮ ಹೊಲಪ್ಪಾ” ಅಂದಳು ಅತ್ತೆ.

“ಇರಬಹುದ್ರಿ ಅಮ್ಮಾರ. ಈಗ ಕಂಪನಿದು.”

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಲೋಡಿಂಗ್ ನಡೆಯುವಾಗ ಹೆಂಗಸರು ಯಾಕೆ ಹೋದಿರಿ, ಇನ್ನೊಂದು ದಿನ ಬನ್ನಿ ಎಂದು ರೇಗಿದ. “ಬ್ಯಾಡ ಬಿಡ್ರಿ, ಇಲ್ಲಿಂದ ಕೈ ಮುಗಿತೀನಿ” ಅಂದಳು ಹಿರಿಯಾಕೆ. ಅತ್ತೆ ಕೇಳಲಿಲ್ಲ. ಅವಳ ಕೈ ಹಿಡಿದುಕೊಂಡು, ವಾಚ್‌ಮನ್ ಕೂಗುತ್ತಿದ್ದರೂ ತಿರುಗಿ ನೋಡದೆ, ಗೇಟಿನ ಪಕ್ಕದ ಸಂದಿಯಿಂದ ಒಳಗೆ ನಡೆದಳು. ನಾನು ಹಿಂದೆ ಹೋದೆ. ಒಂದು ಲೋಡರ್ ನಿಂತಿತು. ಅದರ ಹಿಂದೆ ಲಾರಿಗಳು ನಿಂತು ಹಾರ್ನ್ ಹೊಡೆಯತೊಡಗಿದವು.

ಹಳ್ಳ ಎಲ್ಲಿತ್ತೆಂದೇ ತಿಳಿಯುತ್ತಿರಲಿಲ್ಲ. ಹಿರಿಯಾಕೆ ಒಂದು ಕಡೆ ಕೈ ತೋರಿಸಿದಳು. “ಅಲ್ಲಲ್ಲ, ಆ ಕಡೆ ಇತ್ತು, ಅಲ್ಲಿ ಜಾಲಿ ಇತ್ತಲ್ಲ” ಅಂದಳು ಅತ್ತೆ. ಇಬ್ಬರೂ ಅತ್ತ ನಡೆದರು, ಇತ್ತ ನಡೆದರು. ಜಾಲಿಯೂ ಇರಲಿಲ್ಲ, ಬದುವೂ ಇರಲಿಲ್ಲ. ಕೊನೆಗೆ ಹಿರಿಯಾಕೆ ಅದಿರಿನ ಗುಡ್ಡೆಯ ಬುಡದಲ್ಲಿ ಎಲ್ಲೋ ಒಂದು ಕಡೆ ಕೂತು, ಸೆರಗಿನಲ್ಲಿ ಕಟ್ಟಿ ತಂದಿದ್ದ ಹೂವು, ಅರಿಶಿನ ಇಟ್ಟಳು. ಅತ್ತೆ ಅವಳ ಪಕ್ಕದಲ್ಲಿ ಕೂತಳು. ನಾನು ನಿಂತೇ ಇದ್ದೆ. ನನ್ನ ಪಾಲಿನ ನೆಲದಲ್ಲಿ ಕೂರುವ ಧೈರ್ಯ ನನಗಾಗಲಿಲ್ಲ.

ಬಾಡಿಗೆಯಲ್ಲಿ ನನಗೆ ಪಾಲು ಬೇಡವೆಂದು ಚಿಕ್ಕಪ್ಪನಿಗೆ ಹೇಳಿದೆ. ಅವನು ಅದನ್ನು ತನ್ನ ಪಾಲಿಗೆ ಸೇರಿಸಿಕೊಂಡ, ಗುಡ್ಡೆ ಅಲ್ಲೇ ಇತ್ತು. ಗಣಿ ನಿಂತು ಅದಿರು ಖಾಲಿಯಾದ ಮೇಲೂ ಅಲ್ಲಿ ಹುಲ್ಲು ಬರಲು ಬಹಳ ಕಾಲ ಹಿಡಿಯಿತು. ನನ್ನ ವಿದ್ಯಾರ್ಥಿನಿಗೆ ಅವಳ ಅಜ್ಜಿ ಹೈಸ್ಕೂಲಿನ ಹೊತ್ತಿಗೆ ಎಲ್ಲ ಹೇಳಿದಳಂತೆ. ಆಮೇಲೆ ಒಮ್ಮೆ ಮಾರ್ಕೆಟ್ಟಿನಲ್ಲಿ ಸಿಕ್ಕ ಹುಡುಗಿ ನನ್ನನ್ನು ನೋಡಿ ನಮಸ್ಕಾರ ಮಾಡಿದಳು, ನಿಲ್ಲಲಿಲ್ಲ. ನಾನೂ ಕರೆಯಲಿಲ್ಲ. ಕರೆಯಬೇಕಾದರೆ ಹೆಸರು ಹಿಡಿದೇ ಕರೆಯಬೇಕಿತ್ತು.

ಅತ್ತೆ ಮಾತ್ರ ಕಥೆ ಹೇಳುವುದನ್ನು ಬಿಡಲಿಲ್ಲ. ಒಂದು ಸಂಜೆ ಕಂಪ್ಲಿಯಲ್ಲಿ ಅವಳು ಮೊಮ್ಮಕ್ಕಳಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ. ಹುಡುಗಿಗೆ ಹೆಸರಿತ್ತು. ಸೀಟಿ ಹೊಡೆಯುತ್ತಿದ್ದಳು. ಕೈ ತೊಳೆದುಕೊಂಡು ಬಂದಳು. ಕೆಳಗೆ ಯಾವ ರಾಜನೂ ಇರಲಿಲ್ಲ. ಅತ್ತೆಯ ಸೊಸೆ ಅಡುಗೆಮನೆಯಿಂದ ಬಂದು, “ಹುಡುಗ್ರು ಅಂಜತಾವ ಅತ್ತೀ, ಇಂಥಾವೆಲ್ಲ ಯಾಕ ಹೇಳ್ತೀರಿ” ಎಂದು ಗದರಿದಳು.

“ಅಂಜಲಿ” ಅಂದಳು ಅತ್ತೆ.

ಮೊಮ್ಮಗಳು ಅಜ್ಜಿಯ ಮೊಣಕಾಲು ಹಿಡಿದುಕೊಂಡು ಕೇಳಿದಳು: “ಇದು ಯಾರ ಮನಿಯಾಗ ಆಗಿದ್ದು, ಅಜ್ಜಿ?”

ಅತ್ತೆ ನನ್ನ ಕಡೆ ಒಮ್ಮೆ ನೋಡಿದಳು. “ನಮ್ಮ ಮನಿಯಾಗ” ಅಂದಳು.

ಹುಡುಗಿ ಮೊಣಕಾಲು ಬಿಟ್ಟು, ಸ್ವಲ್ಪ ದೂರ ಸರಿದು ಕೂತಳು. ಅತ್ತೆ ಅವಳನ್ನು ಹತ್ತಿರಕ್ಕೆ ಎಳೆದುಕೊಳ್ಳಲಿಲ್ಲ. ಮುಂದಿನದನ್ನು ಹೇಳತೊಡಗಿದಳು.